ಕತೆ ನಿಂತ ಜಾಗ

ಮಗಳು ಜ್ಯೋತ್ಸ್ನಾ ಫೋನಿನಲ್ಲಿ ಅಮ್ಮ ನಳಿನಿಗೆ ಎರಡು ಮಂತ್ರ ಹೇಳಿಕೊಟ್ಟಳು. ಒಂದು ‘ಕ್ಲಾಸ್ ಆಸ್ಪಿರೇಷನ್’, ಇನ್ನೊಂದು ‘ನ್ಯಾಷನಲ್ ಐಡೆಂಟಿಟಿ’. ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಹುಡುಗಿ. ನೂರು ವರ್ಷದ ಹಿಂದಿನ ಯಾವ ಐರಿಶ್ ಕತೆ ಕೊಟ್ಟರೂ ಈ ಎರಡು ಮಾತನ್ನು ನಡುನಡುವೆ ಉದುರಿಸುತ್ತಿದ್ದರೆ ಸಾಕು, ಎದುರು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ ಎಂದು ಭರವಸೆ ಕೊಟ್ಟಳು. ಮೇಲಿನವರ ಸಾಲಿಗೆ ಸೇರಬೇಕೆಂಬ ಆಸೆ, ತಾನು ಯಾವ ನಾಡಿನವಳು ಎಂಬ ಗುರುತು; ಕನ್ನಡದಲ್ಲಿ ಹೇಳಿದರೆ ಇಷ್ಟೇ. ಆದರೆ ಇದನ್ನೇ ಕನ್ನಡದಲ್ಲಿ ಹೇಳಿದರೆ ಪೊಟೊಮ್ಯಾಕ್‌ನ ಆ ಮನೆಯಲ್ಲಿ ಕಿವಿಗೊಡುವವರು ಯಾರು?

‘ಮಾಡರ್ನಿಸ್ಟ್’ ಅಂದರೇನು ಅಂತಲೂ ಮಗಳು ವಿವರಿಸಿದಳು. ಇಂಥವರ ಕತೆಗಳು ಮುಗಿಯಬೇಕಾದ ಜಾಗಕ್ಕಿಂತ ಒಂದು ಹೆಜ್ಜೆ ಹಿಂದೆಯೇ ನಿಂತುಬಿಡುತ್ತವಂತೆ. ಮುಂದಿನದು ಓದುವವರ ಪಾಡು. ನಳಿನಿ ಅದನ್ನೂ ಬರೆದುಕೊಂಡಳು.

ಪೊಟೊಮ್ಯಾಕ್‌ನ ಆ ಮನೆ ಡಾಕ್ಟರ್ ವರಲಕ್ಷ್ಮಿಯವರದು. ಎಪ್ಪತ್ತರ ಇಸವಿಯಲ್ಲಿ ಮೈಸೂರಿನಿಂದ ಬಂದ ಮಕ್ಕಳ ಡಾಕ್ಟರು. ಈಗ ನಿವೃತ್ತರು, ಗಂಡನನ್ನು ಕಳೆದುಕೊಂಡವರು, ಎಂಬತ್ತರ ಹತ್ತಿರ ಬಂದರೂ ಬೆನ್ನು ಬಾಗದವರು. ತಾನು ಹೊರಟು ಬಂದಾಗ ಕರ್ನಾಟಕ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ ಎಂದು ಹೇಳಿ ಹೊಸಬರನ್ನು ಬೆಚ್ಚಿಬೀಳಿಸುವುದು ಅವರಿಗೆ ಇಷ್ಟ. ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಎರಡು ಪಂಕ್ತಿ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಮೊದಲು ಬಂದ ಡಾಕ್ಟರುಗಳು, ವಿಜ್ಞಾನಿಗಳು ನದಿಯ ಆಚೆ ಮೇರಿಲ್ಯಾಂಡಿನಲ್ಲಿ ಹಳೆಯ ಮರಗಳ ನಡುವೆ ಇದ್ದಾರೆ. ಆಮೇಲೆ ಸಾಫ್ಟ್‌ವೇರ್ ಹಿಡಿದು ಬಂದವರು ಈಚೆ ಆಶ್‌ಬರ್ನ್, ಸೆಂಟರ್‌ವಿಲ್ ಕಡೆ, ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಟೌನ್‌ಹೌಸುಗಳಲ್ಲಿ ಇದ್ದಾರೆ. ವರಲಕ್ಷ್ಮಿಯವರ ಓದುಗರ ಕೂಟಕ್ಕೆ ಕರೆ ಬಂತೆಂದರೆ ಈಚೆಯವರು ಆಚೆಗೆ ದಾಟಿದ ಹಾಗೆ. ಆಶ್‌ಬರ್ನ್‌ನ ನಳಿನಿಗೆ ಕರೆ ಬಂದಿತ್ತು. ಬರೀ ಕರೆಯಲ್ಲ, ಅಕ್ಟೋಬರ್ ಭಾನುವಾರದ ಚರ್ಚೆಯನ್ನು ಅವಳೇ ಶುರುಮಾಡಬೇಕೆಂಬ ಅಪ್ಪಣೆ. ಎರಡು ವರ್ಷ ಕಾದು ಕೂತಿದ್ದ ಅವಳು ಹಿಗ್ಗಿನಲ್ಲಿ ನೆಲ ಕಾಣದೆ ಓಡಾಡಬೇಕಿತ್ತು. ಓಡಾಡಲಿಲ್ಲ. ಕಾರಣ ಅವಳ ಅಡುಗೆಮನೆಯಲ್ಲಿತ್ತು.

ನಳಿನಿ ಗದಗಿನವಳು. ತಂದೆ ದಾನಪ್ಪ ತೀರಿಕೊಂಡಾಗ ಅವಳಿಗೆ ಇನ್ನೂ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ತಾಯಿ ಚನ್ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಖಾನಾವಳಿ ತೆಗೆದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ರೊಟ್ಟಿಯ ದುಡ್ಡಿನಲ್ಲೇ ಮಗಳ ಎಂಜಿನಿಯರಿಂಗ್ ಓದು ಮುಗಿಯಿತು. ದೊಡ್ಡ ಅಧಿಕಾರಿಗಳ ಮನೆಗೆ ಬುತ್ತಿ ಕೊಡಲು ಹೋದಾಗ ಚನ್ನಮ್ಮ ಬಾಗಿಲಲ್ಲಿ ನಿಂತು, “ಬಾಯಾರ, ಊಟ ತಂದೇನ್ರಿ” ಎಂದು ಕೂಗುತ್ತಿದ್ದಳು. ಬಾಯಾರು ಅಂದರೆ ಆ ಕಡೆ ದೊಡ್ಡ ಮನೆಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಸೆರಗು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ ನಳಿನಿಗೆ ಆ ಮಾತು ಕೇಳಿದಾಗಲೆಲ್ಲ ತಾನೂ ಒಂದು ದಿನ ಬಾಗಿಲ ಒಳಗಿನವಳಾಗಬೇಕು ಅನ್ನಿಸುತ್ತಿತ್ತು.

ಆದಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ಅವಳ ‘ಐತಿ’ಗೆ ಹುಡುಗಿಯರು ನಕ್ಕರು, ಮೊದಲ ವರ್ಷ ಮುಗಿಯುವುದರೊಳಗೆ ‘ಐತಿ’ ಹೋಗಿ ‘ಇದೆ’ ಬಂತು. ಮೈಸೂರಿನ ಶಂಕರನನ್ನು ಮದುವೆಯಾದಳು, ಅಮೆರಿಕಕ್ಕೆ ಬಂದಳು. ಹೋದ ವರ್ಷ ನ್ಯಾಯಾಧೀಶರ ಮುಂದೆ ಈ ದೇಶದ ಪೌರತ್ವದ ಪ್ರಮಾಣ ತೆಗೆದುಕೊಳ್ಳುವಾಗ ಸುತ್ತಲಿನವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು, ಅವಳ ಕಣ್ಣು ಒಣಗಿತ್ತು. ಒಂದು ನಾಡನ್ನು ಬಿಟ್ಟುಕೊಡುವ ಕಷ್ಟವನ್ನು ಅವಳು ಯಾವ ನ್ಯಾಯಾಧೀಶರೂ ಇಲ್ಲದ ಆ ಹಾಸ್ಟೆಲಿನಲ್ಲೇ ಮುಗಿಸಿ ಬಂದಿದ್ದಳು. ಓದುಗರ ಕೂಟಕ್ಕೆ ಅವಳನ್ನು ಪರಿಚಯಿಸಿದ ಜರ್ಮನ್‌ಟೌನಿನ ವಿಜ್ಞಾನಿ ಜಯಾ, ತಾಯಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ನಳಿನಿ, ಹೋಟೆಲ್ ಉದ್ಯಮದಲ್ಲಿದ್ದರು ಎಂದಿದ್ದಳು. ಸುಳ್ಳೇನಲ್ಲ. ನಿಜವನ್ನು ಇಸ್ತ್ರಿ ಮಾಡಿ ಹೇಳುವುದರಲ್ಲಿ ನಳಿನಿ ಪಳಗಿದ್ದಳು.

ಎಡವಟ್ಟಾದದ್ದು ಸೆಪ್ಟೆಂಬರಿನ ಗೌರಿಹಬ್ಬದ ದಿನ. ಚನ್ನಮ್ಮ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಮಧ್ಯಾಹ್ನ ಊಟವೂ ಇತ್ತು. ಉತ್ತರ ಕರ್ನಾಟಕದ ಊಟ ಈಚೆಗೆ ಫ್ಯಾಷನ್ನಾಗಿದೆಯಲ್ಲ, ಹಾಗಾಗಿ ರೊಟ್ಟಿ ಇರಲಿ ಎಂದು ನಳಿನಿಯೇ ಹೇಳಿದ್ದಳು. ಚನ್ನಮ್ಮ ಹಣೆಗೆ ವಿಭೂತಿ ಬಿಟ್ಟು ಬೇರೇನೂ ಇಡುವವಳಲ್ಲ. ಗಂಡ ಸತ್ತ ಹೆಂಗಸು ಕುಂಕುಮ ಕೊಡುವ ಜಾಗದಲ್ಲಿ ಸುಳಿಯಬಾರದೆಂಬ ಊರಿನ ಪದ್ಧತಿಯನ್ನು ವಿಮಾನದಲ್ಲೂ ಜೊತೆಗೇ ತಂದಿದ್ದಳು. ಹಳೇ ಕಾಟನ್ ಸೀರೆ ಉಟ್ಟು ಅಡುಗೆಮನೆಯಲ್ಲೇ ಉಳಿದಳು. ಹಾಲಿನಲ್ಲಿ ಡಾಕ್ಟರ್ ವರಲಕ್ಷ್ಮಿ ಸೋಫಾದ ನಡುವೆ ಕೂತು ಎಲ್ಲರಿಗಿಂತ ಮೊದಲು ಕುಂಕುಮ ತೆಗೆದುಕೊಂಡರು. ಅವರಿಗೂ ಗಂಡ ಇಲ್ಲ. ಅದು ಯಾರ ತಲೆಗೂ ಹೊಳೆಯಲಿಲ್ಲ. ವೈಧವ್ಯಕ್ಕೂ ಮನೆಯ ವಿಳಾಸ ನೋಡಿ ಮಾತಾಡಿಸುವ ಬುದ್ಧಿ ಇದೆ, ಏನು ಮಾಡುವುದು.

ಈ ಊರುಗಳಲ್ಲಿ ಹಬ್ಬ ಹುಣ್ಣಿಮೆಗೆ ಮನೆಗೆ ಬಂದು ಅಡುಗೆ ಮಾಡಿಕೊಡುವ ಆಂಟಿಯರುಂಟು. ಊಟ ಮುಗಿಸಿದ ವರಲಕ್ಷ್ಮಿ ಕೈತೊಳೆಯಲು ಬಂದವರು ಒಲೆಯ ಮುಂದಿನ ಚನ್ನಮ್ಮನನ್ನು ಕಂಡು, ನಳಿನಿಯ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು: “ಯಾರನ್ನ ಕರೆಸಿದೀರ ನಳಿನಿ? ಎಷ್ಟು ಚೆನ್ನಾಗಿ ಮಾಡ್ತಾರೆ. ಇಂಥವರು ಸಿಗೋದೇ ಕಷ್ಟ ಇಲ್ಲಿ.”

“ಹೌದು ಆಂಟಿ,” ಎಂದಳು ನಳಿನಿ. “ಸಿಗೋದು ಕಷ್ಟ.”

ಅಷ್ಟೇ ನಡೆದದ್ದು. ಚನ್ನಮ್ಮ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ರೊಟ್ಟಿ ತಿರುವಿಹಾಕಿದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ನಳಿನಿ ಆ ರಾತ್ರಿಯೆಲ್ಲ ಯೋಚಿಸಿದಳು. ಬೆಳಿಗ್ಗೆ ಎದ್ದು ಕೇಳುವ ಧೈರ್ಯ ಬರಲಿಲ್ಲ.

ಅಕ್ಟೋಬರಿನಲ್ಲಿ, ಚರ್ಚೆಯ ವಾರ, ಡಾಕ್ಟರ ಫೋನು ಬಂತು. ನಳಿನಿ ಬೀನ್ಸ್ ಸೋಸುತ್ತ ಸ್ಪೀಕರಿಗೆ ಹಾಕಿದ್ದಳು. ಭಾನುವಾರದ ಚರ್ಚೆ ಆದಮೇಲೆ ಎಲ್ಲರಿಗೂ ಊಟ ಇಟ್ಟುಕೊಂಡಿದ್ದೇನೆ, ನಿಮ್ಮ ಆ ರೊಟ್ಟಿಯವರನ್ನು ಜೊತೆಗೇ ಕರೆದುಕೊಂಡು ಬಂದುಬಿಡಿ, ಅವರು ಏನು ತಗೋತಾರೋ ಕೊಟ್ಟುಬಿಡೋಣ ಎಂದರು. ಮೇಜಿನ ಆಚೆ ಕೂತಿದ್ದ ಚನ್ನಮ್ಮನ ಕಿವಿಗೆ ಒಂದೊಂದು ಅಕ್ಷರವೂ ಬಿತ್ತು. ನಳಿನಿಯ ಕೈ ಬೀನ್ಸಿನ ಮೇಲೆ ನಿಂತಿತು. ಈಗ ಹೇಳಬೇಕು, ಈಗಲೇ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅತ್ತ ಕಡೆ ಫೋನು ಇಟ್ಟಾಗಿತ್ತು.

ಚನ್ನಮ್ಮ ತಾನೇ ಮಾತು ತೆಗೆದಳು. “ಹೋಗೂಣು ಬಿಡು. ನಾಕು ರೊಟ್ಟಿ ಬಡದು ಕೊಡಾಕ ಏನೈತಿ? ನನಗೂ ಆ ದೊಡ್ಡ ಮನಿ ನೋಡಿದಂಗ ಆತು.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕು ಇರಲಿಲ್ಲ. ಇದ್ದಿದ್ದರೆ ನಳಿನಿಗೆ ಎಷ್ಟೋ ಹಗುರಾಗುತ್ತಿತ್ತು. ನಾಳೆ ಫೋನ್ ಮಾಡಿ ಹೇಳುತ್ತೇನೆ ಅಂದುಕೊಂಡಳು. ಮರುದಿನವೂ ಅದನ್ನೇ ಅಂದುಕೊಂಡಳು.

ಚರ್ಚೆಯ ಕತೆಯನ್ನು ಅವಳು ಓದಿದ್ದು ಶುಕ್ರವಾರ, ಲೈಬ್ರರಿಯ ಮುಂದೆ ಕಾರು ನಿಲ್ಲಿಸಿಕೊಂಡು, ಊಟದ ಬಿಡುವಿನಲ್ಲಿ. ಬರೆದವಳು ಹೆಚ್ಚು ಹೆಸರು ಮಾಡದೆ ಹೋದ ಒಬ್ಬ ಐರಿಶ್ ಹೆಂಗಸು. ಡಬ್ಲಿನ್ ಪಟ್ಟಣದ ಬಟ್ಟೆ ಅಂಗಡಿಯವನ ಹೆಂಡತಿಯೊಬ್ಬಳು ಆಗ ಆ ನಾಡನ್ನು ಆಳುತ್ತಿದ್ದ ಇಂಗ್ಲಿಷರ ಅಧಿಕಾರಿಯೊಬ್ಬನ ಹೆಂಡತಿಯನ್ನು ಮನೆಗೆ ಚಹಾಕ್ಕೆ ಕರೆದಿದ್ದಾಳೆ. ಬೀದಿಯ ಉಳಿದ ಅಂಗಡಿಯವರ ಹೆಂಡಂದಿರು ಕಿಟಕಿಯ ಪರದೆ ಸರಿಸಿ ನೋಡಬೇಕು, ಅದು ಅವಳ ಜೀವಮಾನದ ಆಸೆ. ಅದೇ ವಾರ ಪಶ್ಚಿಮ ತೀರದ ಹಳ್ಳಿಯಿಂದ ಅವಳ ತಾಯಿ ಬಂದಿದ್ದಾಳೆ. ಮುದುಕಿಗೆ ಐರಿಶ್ ಬಿಟ್ಟರೆ ಬೇರೆ ಭಾಷೆ ಬಾರದು. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಬ್ರೆಡ್ಡು ಸುಡಲು ಹೇಳುತ್ತಾಳೆ ಮಗಳು. ಇಂಗ್ಲಿಷ್ ಹೆಂಗಸು ಬ್ರೆಡ್ಡು ತಿಂದು ಹೊಗಳುತ್ತಾಳೆ, ಯಾರು ಮಾಡಿದ್ದು ಎಂದು ಕೇಳುತ್ತಾಳೆ. ಹಳ್ಳಿಯಿಂದ ಬಂದ ಒಬ್ಬ ಹೆಂಗಸು ಎನ್ನುತ್ತಾಳೆ ಮಗಳು. ಕೊನೆಗೆ ಮುದುಕಿ ಚಹಾದ ತಟ್ಟೆ ಹಿಡಿದು ತಾನೇ ಒಳಗೆ ಬರುತ್ತಾಳೆ. ಮಗಳ ಮುಂದೆ ಮೊಣಕಾಲು ಬಾಗಿಸಿ, ಆ ದಿನಕ್ಕೆಂದು ಕಲಿತುಕೊಂಡ ಒಂದೇ ಒಂದು ಇಂಗ್ಲಿಷ್ ಮಾತು ಹೇಳುತ್ತಾಳೆ: ಮ್ಯಾಡಮ್. ಕತೆ ಅಲ್ಲಿಗೆ ನಿಂತುಬಿಡುತ್ತದೆ.

ನಳಿನಿ ಪುಸ್ತಕ ಮುಚ್ಚಿ ಕಾರಿನ ಬಾಗಿಲು ಲಾಕ್ ಆಗಿದೆಯೇ ಎಂದು ನೋಡಿದಳು. ಯಾಕೆ ನೋಡಿದಳೋ ಅವಳಿಗೇ ಗೊತ್ತಿಲ್ಲ. ಗದಗ ಎಂಬ ಊರಿದೆಯೆಂದೇ ತಿಳಿಯದ, ಸತ್ತು ಎಷ್ಟೋ ಕಾಲವಾದ ಹೆಂಗಸೊಬ್ಬಳು ಸಮುದ್ರದ ಆಚೆ ಕೂತು ಆಶ್‌ಬರ್ನ್‌ನ ತನ್ನ ಅಡುಗೆಮನೆಯನ್ನು ಕಂಡಿದ್ದಾಳೆ. ಒಲೆ ಎಲ್ಲಿದೆ, ಬಾಗಿಲು ಎಲ್ಲಿದೆ, ತಾನು ಎಲ್ಲಿ ನಿಂತು “ಸಿಗೋದು ಕಷ್ಟ” ಎಂದೆ ಎಂಬುದೂ ಅವಳಿಗೆ ಗೊತ್ತಿದೆ. ದೇವರ ಮುಂದೆ ನಿಂತಾಗಲೂ ನಳಿನಿಗೆ ತನ್ನನ್ನು ಯಾರೋ ಇಷ್ಟು ನೋಡುತ್ತಿದ್ದಾರೆ ಅನ್ನಿಸಿರಲಿಲ್ಲ. ಇಷ್ಟೊಂದು ಕಾಣಬಲ್ಲ ಕಣ್ಣು ಈ ಲೋಕದಲ್ಲಿ ಯಾವತ್ತೋ ಇತ್ತು ಎಂಬುದೇ ದೊಡ್ಡ ಸೋಜಿಗ ಅನ್ನಿಸಿ, ಆಫೀಸಿನ ಮೀಟಿಂಗ್ ಮರೆತು ಅಲ್ಲೇ ಕೂತಳು.

ಭಾನುವಾರ ತಾಯಿ ಮಗಳು ಹೊರಟರು. ಕನ್ನಡ ಪುಸ್ತಕವನ್ನೇ ಮುಟ್ಟದ ಶಂಕರ ಐರಿಶ್ ಕತೆಯ ಹೆಸರು ಕೇಳಿಯೇ ಗ್ಯಾರೇಜ್ ಸೇರಿಕೊಂಡಿದ್ದ. ಚನ್ನಮ್ಮ ಊರಿನಿಂದ ತಂದ ಕಬ್ಬಿಣದ ಹಂಚನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಎಷ್ಟು ಹೇಳಿದರೂ ಹಿಂದಿನ ಸೀಟಿಗೆ ಹಾಕಲು ಒಪ್ಪಲಿಲ್ಲ. ರಸ್ತೆಯ ಎರಡೂ ಕಡೆ ಮರಗಳು ಅರಿಶಿನ, ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಚನ್ನಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಇಷ್ಟು ಚಂದ ಮಾಡಿಕೊಂಡು ಆಮೇಲೆ ಎಲ್ಲ ಉದುರಿಸಿಬಿಡ್ತಾವಂತಲ್ಲ, ಎಂಥ ಧಾರಾಳ ಇವಕ್ಕ ಎಂದಳು.

ಆಮೇಲೆ, ನೀನು ಎರಡು ದಿನದಿಂದ ಊಟ ಬಿಡುವ ಹಾಗೆ ಮಾಡಿದ ಕತೆ ಯಾವುದು ಎಂದು ಕೇಳಿದಳು. ನಳಿನಿ ಮೊದಲು ತಪ್ಪಿಸಿಕೊಳ್ಳಲು ನೋಡಿ, ಆಮೇಲೆ ಹೇಳಲು ಶುರುಮಾಡಿದಳು. ತಾಯಿಗೆ ಹೇಳಬೇಕಾದ್ದರಿಂದ ಗದಗಿನ ಮಾತಿನಲ್ಲೇ ಹೇಳಬೇಕಾಯಿತು. ಬಟ್ಟೆ ಅಂಗಡಿಯವನ ಹೆಂಡತಿ, ಇಂಗ್ಲಿಷ್ ಬಾಯಾರು, ಹಳ್ಳಿಯಿಂದ ಬಂದ ಅವ್ವ. ಹೇಳುತ್ತ ಹೇಳುತ್ತ ಅವಳಿಗೇ ಬೆರಗಾಯಿತು. ಇಂಗ್ಲಿಷಿನಲ್ಲಿ ದೂರ ನಿಂತಿದ್ದ ಮುದುಕಿ ಈ ಮಾತಿನಲ್ಲಿ ಹತ್ತಿರ ಬಂದು ಕೂತಳು. ಕತೆ ಎಲ್ಲಿಂದಲೋ ತನ್ನ ಊರಿಗೆ ವಾಪಸು ಬಂದ ಹಾಗಿತ್ತು. ಎಷ್ಟು ವರ್ಷವಾಗಿತ್ತು ಇಷ್ಟುದ್ದ ಮಾತನ್ನು ಅವಳು ಈ ನಾಲಿಗೆಯಲ್ಲಿ ಆಡಿ! ಚನ್ನಮ್ಮ ಹಂಚಿನ ಮೇಲೆ ಎರಡೂ ಕೈಯಿಟ್ಟು ಕೇಳುತ್ತಿದ್ದಳು. ಕಾರು ನದಿಯ ಸೇತುವೆ ದಾಟಿ ಮೇರಿಲ್ಯಾಂಡಿಗೆ ಬಂತು. ಕತೆಯಲ್ಲಿ ಇಂಗ್ಲಿಷ್ ಹೆಂಗಸು ಬ್ರೆಡ್ಡು ಯಾರು ಮಾಡಿದ್ದು ಎಂದು ಕೇಳುವ ಜಾಗ ಬರುತ್ತಿದ್ದ ಹಾಗೆ ನಳಿನಿ ಮಾತು ತುಂಡರಿಸಿ ಕಾರನ್ನು ಪಕ್ಕದ ರಸ್ತೆಗೆ ತಿರುಗಿಸಿದಳು.

“ಮುಂದೇನಾತು?” ಎಂದಳು ಚನ್ನಮ್ಮ.

“ಮನಿ ಬಂತವ್ವ. ಆಮ್ಯಾಲೆ ಹೇಳ್ತೇನಿ.”

ಮನೆ ನಿಜಕ್ಕೂ ಬಂದಿತ್ತು. ಬಾಗಿಲಿಗೆ ಹೋಗುವ ದಾರಿಯೇ ನಳಿನಿಯ ಬೀದಿಯಷ್ಟು ಉದ್ದ. ಬಾಗಿಲು ತೆಗೆದವರು ಡಾಕ್ಟರೇ. ನಳಿನಿಯ ಭುಜ ತಬ್ಬಿದರು. ಚನ್ನಮ್ಮನ ಕಡೆ ತಿರುಗಿ ಬಹಳ ಪ್ರೀತಿಯಿಂದ, ಅಡುಗೆಮನೆ ಈ ಕಡೆ ಇದೆ ಬನ್ನಿ, ಏನು ಬೇಕಾದರೂ ಕೇಳಿ, ಸಂಕೋಚ ಬೇಡ ಎಂದರು. ಆ ಪ್ರೀತಿ ನಿಜವಾದದ್ದು. ಅದೇ ಅದರ ತೊಂದರೆ. ನಳಿನಿ ಬಾಯಿ ತೆರೆದಳು. ಅಷ್ಟರಲ್ಲಿ ಚನ್ನಮ್ಮ ಚಪ್ಪಲಿ ಬಿಟ್ಟು, ಹಂಚನ್ನು ಎದೆಗವಚಿಕೊಂಡು, ಮಗಳ ಮುಖವನ್ನೂ ನೋಡದೆ ಆ ಕಡೆ ನಡೆದುಬಿಟ್ಟಿದ್ದಳು. ಈ ಸಲವೂ ತಪ್ಪಿತು.

ಓದುಗರು ಕೂತ ಕೋಣೆಗೆ ಒಂದು ಕಡೆ ಗೋಡೆಯೇ ಇಲ್ಲ, ನೆಲದಿಂದ ಸೂರಿನವರೆಗೆ ಗಾಜು. ಗಾಜಿನ ಆಚೆ ಇಳಿಜಾರಿನ ಕಾಡು, ಕಾಡಿನ ಕೆಳಗೆ ನದಿ. ಬಿಸಿಲು ಎಲೆಗಳನ್ನು ದಾಟಿ ಒಳಗೆ ಬಂದು ಎಲ್ಲರ ಮುಖದ ಮೇಲೆ ಬಂಗಾರ ಚೆಲ್ಲಿತ್ತು. ಅಲ್ಲಿದ್ದ ಹೆಂಗಸರಲ್ಲಿ ಯಾರೋ ಹೃದಯದ ಡಾಕ್ಟರು, ಯಾರೋ ಸಂಶೋಧಕಿ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಮೆಲ್ಲಗೆ ನಗುತ್ತಿದ್ದರು. ನಳಿನಿಗೆ ಉಸಿರು ಬಿಡಲೂ ಭಯವಾಯಿತು. ಬಾಗಿಲ ಒಳಗೆ ಅಂದರೆ ಇದೇ. ಗದಗಿನ ಆ ಬಾಗಿಲುಗಳ ಮುಂದೆ ನಿಂತು ಅವಳು ಊಹಿಸಿದ್ದಕ್ಕಿಂತ ಇದು ಸಾವಿರ ಪಾಲು ಚೆಂದವಾಗಿತ್ತು, ಆ ಚೆಂದ ಸುಳ್ಳೂ ಆಗಿರಲಿಲ್ಲ.

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಕ್ಲಾಸ್ ಆಸ್ಪಿರೇಷನ್ ಎಂದಳು, ತಲೆಗಳು ಆಡಿದವು. ನ್ಯಾಷನಲ್ ಐಡೆಂಟಿಟಿ ಎಂದಳು, ಜಯಾ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡಳು. ಮಗಳ ಮಂತ್ರ ಕೆಲಸ ಮಾಡುತ್ತಿತ್ತು. ಆಮೇಲೆ ಚರ್ಚೆ ಎದ್ದಿತು. ಇಂಥ ಮಗಳೂ ಇರುತ್ತಾಳೆಯೇ ಎಂದರು ಒಬ್ಬರು. ಆಳುವವರ ಮುಂದೆ ಚೆನ್ನಾಗಿ ಕಾಣಬೇಕೆಂಬ ಹಂಬಲ ಇದ್ದರೆ ತಾಯಿಯೂ ಹೊರೆಯಾಗುತ್ತಾಳೆ, ಗುಲಾಮಗಿರಿ ಅಂದರೆ ಅದೇ ಎಂದರು ಇನ್ನೊಬ್ಬರು. ನಮ್ಮಲ್ಲಿ ಹೀಗೆಲ್ಲ ನಡೆಯುವುದಿಲ್ಲ, ನಾವು ತಾಯಿಯನ್ನು ದೇವರೆನ್ನುವವರು ಎಂದು ಮೂಲೆಯಿಂದ ಒಂದು ದನಿ ಬಂತು. ನಳಿನಿ ತಲೆಯಾಡಿಸುತ್ತಲೇ ಇದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಪಟಪಟ ಕೇಳುತ್ತಿತ್ತು. ಅವಳ ಕಿವಿಗೆ ಉಳಿದದ್ದು ಆ ಸದ್ದೊಂದೇ.

ವರಲಕ್ಷ್ಮಿ ಈ ಕತೆ ಆರಿಸಿದ್ದರ ಕಾರಣ ಹೇಳಿದರು. ಮೈಸೂರಿನ ಕಾನ್ವೆಂಟಿನಲ್ಲಿ ಅವರಿಗೆ ಪಾಠ ಹೇಳಿದವರು ಒಬ್ಬ ಐರಿಶ್ ಸಿಸ್ಟರ್. ತರಗತಿಯಲ್ಲಿ ಯಾರಾದರೂ ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಂತೆ. ಆದರೆ ಸಂಜೆ ಹೂವಿನ ಗಿಡಗಳಿಗೆ ನೀರು ಹಾಕುವಾಗ ಯಾರಿಗೂ ತಿಳಿಯದ ಭಾಷೆಯಲ್ಲಿ ಏನನ್ನೋ ಹಾಡಿಕೊಳ್ಳುತ್ತಿದ್ದರಂತೆ. “ಅದು ಅವರಮ್ಮನ ಭಾಷೆ ಅಂತ ನಂಗೆ ಎಷ್ಟೋ ವರ್ಷ ಆದ್ಮೇಲೆ ಹೊಳೀತು,” ಎಂದರು. ಡಾಕ್ಟರು ನಳಿನಿಗೆ ಕೊನೆಯ ಪುಟ ಓದಿ ಮುಗಿಸಲು ಹೇಳಿದರು.

ನಳಿನಿ ಓದತೊಡಗಿದಳು. ಮುದುಕಿ ತಟ್ಟೆ ಹಿಡಿದು ಬಾಗಿಲಿಗೆ ಬರುವ ಸಾಲು ಬಂತು. ಆಗ ರೊಟ್ಟಿ ಬಡಿಯುವ ಸದ್ದು ನಿಂತಿತು. ನಳಿನಿ ತಲೆ ಎತ್ತಿದಳು.

ಚನ್ನಮ್ಮ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಊಟದ ಹೊತ್ತು ಯಾವುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆರಿದ ರೊಟ್ಟಿ ಬಡಿಸುವುದು ಅವಳ ಜಾಯಮಾನದಲ್ಲೇ ಇಲ್ಲ. ಅಷ್ಟು ಮುಖಗಳಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಮುಖ. ನೇರ ಅದರ ಮುಂದೆ ಬಂದು ನಿಂತು, ತಲೆ ತುಸು ಬಾಗಿಸಿ, ತಟ್ಟೆ ಮುಂದೆ ಹಿಡಿದಳು.

“ತಗೋರಿ ಬಾಯಾರ. ಬಿಸಿ ಐತಿ.”

ಜಯಾ ಮೆಲ್ಲಗೆ ನಕ್ಕಳು. ಓದಿಗೂ ಇದಕ್ಕೂ ಎಂಥ ತಾಳೆ ಎಂದುಕೊಂಡಿರಬೇಕು. ನಳಿನಿ ತಾಯಿಯನ್ನು ನೋಡಿದಳು. ಈ ಮಾತನ್ನು ಅವಳು ಯಾರಿಂದಲೂ ಕಲಿತಿಲ್ಲ, ಕತೆಯ ಕೊನೆ ಅವಳಿಗೆ ಗೊತ್ತಿಲ್ಲ. ಗೌರಿಹಬ್ಬದ ದಿನ ಒಲೆಯ ಮುಂದೆ ಎಲ್ಲವನ್ನೂ ಕೇಳಿಸಿಕೊಂಡು, ಮಗಳ ತಲೆ ತಗ್ಗಬಾರದೆಂದು ಇಷ್ಟು ದಿನ ಕಾದು, ಇವತ್ತು ತಾನೇ ತನ್ನ ಬಾಯಿಂದ ಮಗಳನ್ನು ದೊಡ್ಡ ಮನೆಯೊಳಗೆ ಕೂರಿಸಿ ಬಾಗಿಲು ಹಾಕಿಕೊಡುತ್ತಿದ್ದಾಳೆ. ನದಿ, ಬಿಸಿಲು, ಗಾಜು ಯಾವುದೂ ಈಗ ನಳಿನಿಯ ಕಣ್ಣಿಗೆ ದೊಡ್ಡದಾಗಿ ಕಾಣಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ಸಲೀಸಾಗಿ ಕೊಟ್ಟುಬಿಡುವ ಜೀವದ ಮಗಳಾಗಿ ಅವಳು ನಲವತ್ತಾರು ವರ್ಷ ಬಾಳಿದ್ದಳು, ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ.

ಅವಳು ಎದ್ದು ನಿಂತಳು. ಪುಸ್ತಕ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು.

“ಈಕಿ ನಮ್ಮವ್ವ,” ಎಂದಳು. ಬಾಯಿಂದ ಬಂದದ್ದು ಗದಗಿನ ಮಾತು. ಅದನ್ನು ತಿದ್ದುವ ವ್ಯವಧಾನ ಅವಳಿಗಿರಲಿಲ್ಲ. “ಚನ್ನಮ್ಮ ಅಂತ. ಗದಗಿನಾಗ ಖಾನಾವಳಿ ನಡಸ್ತಿದ್ಲು, ಅದರಾಗ ನನ್ನ ಓದಿಸಿದ್ಲು. ಅವತ್ತು ನಮ್ಮನಿಯಾಗ ನೀವು ಕೇಳಿದಾಗ ನಾ ಹೇಳಲಿಲ್ಲ ಆಂಟಿ. ಇವತ್ತು ಬಾಗಲದಾಗೂ ಹೇಳಲಿಲ್ಲ.”

ಎಲ್ಲರ ತೊಡೆಯ ಮೇಲೂ ಅದೇ ಪುಟ ತೆರೆದಿತ್ತು. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಜಯಾಳ ನಗು ಮುಖದ ಮೇಲೆ ಅರ್ಧಕ್ಕೇ ಉಳಿಯಿತು. ಮೂಲೆಯಲ್ಲಿ ತಾಯಿಯನ್ನು ದೇವರೆಂದಿದ್ದವರು ಗಾಜಿನ ಆಚೆ ನೋಡತೊಡಗಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಚನ್ನಮ್ಮ. ಮಗಳು ಕೆಲಸ ಕೆಡಿಸಿಕೊಂಡಳು ಎಂದೇ ಅವಳ ಲೆಕ್ಕ. ತಟ್ಟೆಯನ್ನು ಮಗಳ ಕೈಗೆ ತುರುಕಿ, ಒಲಿ ಮ್ಯಾಲೆ ರೊಟ್ಟಿ ಐತಿ, ಹೊತ್ತತೈತಿ ಎನ್ನುತ್ತ ತಿರುಗಿದಳು.

ವರಲಕ್ಷ್ಮಿ ಅವಳಿಗಿಂತ ಮೊದಲು ಎದ್ದಿದ್ದರು. ಅಡುಗೆಮನೆಗೆ ಹೋಗಿ ತಾವೇ ಒಲೆ ಆರಿಸಿದರು. ಸೀದ ವಾಸನೆ ಆಗಲೇ ಕೋಣೆಗೆ ಬಂದಿತ್ತು. ವಾಪಸು ಬಂದು ಚನ್ನಮ್ಮನ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡರು. ಅವಳ ಹಣೆಯ ಮೇಲಿನ ಬರೀ ವಿಭೂತಿಯನ್ನು ಈಗ ಗಮನಿಸಿ ನೋಡಿದರು.

“ನನ್ ಹಾಗೇ ನೀವೂ ಯಜಮಾನ್ರನ್ನ ಕಳ್ಕೊಂಡವರು,” ಎಂದರು. “ಅವತ್ತು ನಾನು ಸೋಫಾದಲ್ಲಿ ಕೂತಿದ್ದೆ, ನೀವು ಒಳಗೆ ನಿಂತಿದ್ರಿ. ಯಾಕೆ ಅಂತ ನಂಗೆ ಕೇಳ್ಬೇಕು ಅನ್ನಿಸ್ಲೇ ಇಲ್ಲ. ಐವತ್ತು ವರ್ಷ ಮಕ್ಕಳನ್ನ ಪರೀಕ್ಷೆ ಮಾಡಿದೀನಿ ನಾನು. ಒಬ್ಬ ತಾಯಿ ಎದುರಿಗಿದ್ರೂ ಗುರುತು ಸಿಗ್ಲಿಲ್ಲ.”

ಚನ್ನಮ್ಮ, ಇರಲಿ ಬಿಡ್ರಿ, ಅದಕ್ಕೇನಾತು ಎಂದಳು. ಆಮೇಲೆ ಊಟವೂ ಆಯಿತು. ಮೇಜಿನ ಮುಂದೆ ಕೂರಲು ಅವಳು ಬಹಳ ಹೊತ್ತು ಒಪ್ಪಲಿಲ್ಲ, ಕೂತ ಮೇಲೂ ಯಾರ ತಟ್ಟೆ ಖಾಲಿಯಾಯಿತೆಂದು ನೋಡುವುದನ್ನು ಬಿಡಲಿಲ್ಲ. ಕೆಲವರು ಅವಳೊಡನೆ ಮಾತಾಡಿದರು, ಕೆಲವರು ತಮ್ಮ ತಟ್ಟೆಯೊಡನೆ ಮಾತಾಡಿದರು. ಮುಂದಿನ ಕೂಟಕ್ಕೆ ನಳಿನಿಗೆ ಕರೆ ಬರುತ್ತದೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಅದನ್ನು ಯೋಚಿಸಲು ಅವಳಿಗೆ ನೆನಪೇ ಆಗಲಿಲ್ಲ.

ಸಂಜೆಯ ಬಿಸಿಲಿನಲ್ಲಿ ಇಬ್ಬರೂ ಮನೆಯ ಕಡೆ ಹೊರಟರು. ಹೊರಡುವ ಮುಂಚೆ ಇನ್ನೆರಡು ರೊಟ್ಟಿ ಸುಟ್ಟ ಹಂಚು ಮತ್ತೆ ಚನ್ನಮ್ಮನ ತೊಡೆಯ ಮೇಲಿತ್ತು. ನದಿಯ ಸೇತುವೆ ಹತ್ತಿರ ಬಂತು.

“ಆ ಮುದುಕಿ ಕತಿ ನೀ ಪೂರಾ ಹೇಳಲಿಲ್ಲ,” ಎಂದಳು ಚನ್ನಮ್ಮ.

ನಳಿನಿ ಹೇಳಿದಳು. ಮುದುಕಿ ತಟ್ಟೆ ಹಿಡಿದು ಬಂದದ್ದು, ಮಗಳ ಮುಂದೆ ಬಾಗಿದ್ದು, ಕಲಿತುಕೊಂಡ ಒಂದು ಮಾತಿನಿಂದ ಅವಳನ್ನು ಕರೆದದ್ದು. ಚನ್ನಮ್ಮ ಕೇಳಿ ಆಶ್ಚರ್ಯಪಡಲಿಲ್ಲ. ಮತ್ತೇನು ಕರೆದಾಳು ಎನ್ನುವ ಹಾಗೆ ತಲೆಯಾಡಿಸಿದಳು.

“ಮಗಳು ಏನ್ ಮಾಡಿದ್ಲು ಆಗ?”

“ಏನೂ ಮಾಡಲಿಲ್ಲವ್ವ. ಕುಂತಾ ಇದ್ಲು. ಕತಿ ಅಲ್ಲೇ ನಿಂತ ಬಿಡ್ತೈತಿ.”

“ಬರದಾಕಿ ಮುಂದ ಬರೀಲೇ ಇಲ್ಲ?”

“ಇಲ್ಲ.”

ಸೇತುವೆಯ ಕೆಳಗೆ ನೀರು ಅಗಲವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಚನ್ನಮ್ಮ ಅದನ್ನೇ ನೋಡುತ್ತ, ಗೊತ್ತಿರುವವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

“ಎದ್ದಿರತಾಳ ಬಿಡು. ನೀ ಏಳಲಿಲ್ಲೇನು? ಸ್ವಲ್ಪ ಹೊತ್ತು ಹಿಡೀತೈತಿ, ಅಷ್ಟ.”

ನಳಿನಿಯ ಕಣ್ಣು ತುಂಬಿ ರಸ್ತೆ ಕಾಣದಾಯಿತು. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯನ್ನು ತಾಯಿಯ ತೊಡೆಯ ಮೇಲಿಟ್ಟಳು. ಟವೆಲಿನೊಳಗಿನ ಹಂಚು ಇನ್ನೂ ಬೆಚ್ಚಗಿತ್ತು.